ಡಬ್ಬಿಯ ಬಣ್ಣ, ಬಚ್ಚಲಿನ ಗಾಳಿ

ಮಳೆಗಾಲದ ಒಂದು ಭಾನುವಾರ ರಾತ್ರಿ, ಪೀಣ್ಯದ ಕಾರ್ಖಾನೆಯೊಂದರಲ್ಲಿ ದುಡಿಯುವ ಯುವಕನೊಬ್ಬನನ್ನು ಆತನ ತಾಯಿ ನನ್ನ ಬಳಿಗೆ ಕರೆತಂದರು. ವಿಪರೀತ ತಲೆನೋವು, ಎರಡು ಸಲ ವಾಂತಿ, ಕಣ್ಣುಗಳು ಕೆಂಡದಂತೆ ಕೆಂಪು. "ಹೊರಗಡೆ ಏನೋ ತಿಂದಿದ್ದಾನೆ ಡಾಕ್ಟ್ರೇ" ಎಂದರು ತಾಯಿ. ಹುಡುಗನ ಉಗುರುಗಳ ಸಂದಿಯಲ್ಲಿ ಮಾತ್ರ ಹೊಳೆಯುವ ನೀಲಿ ಬಣ್ಣವಿತ್ತು! ವಿಚಾರಿಸಿದಾಗ ಗೊತ್ತಾದದ್ದಿಷ್ಟು: ಧೂಳು ಕೂರಬಾರದೆಂದು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಎರಡು ಗಂಟೆ ಕಾಲ ಬೈಕಿನ ಲಿವರು, ಫುಟ್‌ರೆಸ್ಟುಗಳಿಗೆ ಸ್ಪ್ರೇ ಬಣ್ಣ ಹೊಡೆದಿದ್ದ.

ಅವನಿಗೆ ಬೇಕಿದ್ದದ್ದು ಅನೋಡೈಸ್ ಮಾಡಿದ ಹೊಳಪು. ಅಸಲಿ ಅನೋಡೈಸಿಂಗ್‌ನಲ್ಲಿ ಅಲ್ಯೂಮಿನಿಯಂ ಭಾಗವನ್ನು ಸಾಮಾನ್ಯವಾಗಿ ಗಂಧಕಾಮ್ಲದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸುತ್ತಾರೆ. ಮೇಲ್ಮೈಯಲ್ಲಿ ಸೂಕ್ಷ್ಮರಂಧ್ರಗಳ ಆಕ್ಸೈಡ್ ಪದರ ಬೆಳೆಯುತ್ತದೆ. ಬಣ್ಣ ಅದರೊಳಕ್ಕೆ ಇಳಿಯುತ್ತದೆ. ಕಬ್ಬಿಣಕ್ಕೆ ಇದು ಒಗ್ಗದು. ಮನೆಯಲ್ಲಿ ಮಾಡುವುದು ಇದರ ನಕಲು: ಮೊದಲು ಬೆಳ್ಳಿಯ ಬಣ್ಣ, ಮೇಲೆ ಪಾರದರ್ಶಕ ನೀಲಿಯೋ ಕೆಂಪೋ, ಕೊನೆಗೆ ಹೊಳಪಿನ ಲೇಪ. ತೆಳುವಾಗಿ ಹಲವು ಸಲ ಹೊಡೆಯಬೇಕಾದ್ದರಿಂದ ಉಸಿರಿನೊಳಕ್ಕೆ ಹೋಗುವ ಆವಿಯೂ ಹೆಚ್ಚು.

ಈ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಟಾಲ್ವಿನ್, ಝೈಲೀನ್, ಅಸಿಟೋನ್‌ನಂಥ ದ್ರಾವಕಗಳಿರುತ್ತವೆ. ಇವು ಶ್ವಾಸಕೋಶದ ಮೂಲಕ ರಕ್ತಕ್ಕೆ ಸೇರಿ ಮೆದುಳಿನ ಮೇಲೆ ಮದ್ಯದಂತೆಯೇ ಕೆಲಸ ಮಾಡುತ್ತವೆ. ತಲೆ ತಿರುಗುವುದು, ಓಕರಿಕೆ, ಮಂಕು ಇದರ ಲಕ್ಷಣಗಳು. ನಮ್ಮ ಹುಡುಗ ಒಳ್ಳೆಯ ಗಾಳಿಯಲ್ಲಿ ವಿಶ್ರಾಂತಿ ಪಡೆದು ಮರುದಿನದ ಹೊತ್ತಿಗೆ ಚೇತರಿಸಿಕೊಂಡ. ಆ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇತ್ತೆಂದು ಆಮೇಲೆ ತಿಳಿಯಿತು. ಡಬ್ಬಿಯಿಂದ ಬಣ್ಣವನ್ನು ಚಿಮ್ಮಿಸುವ ಅನಿಲ ಸಾಮಾನ್ಯವಾಗಿ ನಮ್ಮ ಅಡುಗೆ ಅನಿಲದ ಜಾತಿಯದೇ. ಯಾರಾದರೂ ಬಿಸಿನೀರಿನ ನಲ್ಲಿ ತಿರುಗಿಸಿದ್ದರೆ ಏನಾಗುತ್ತಿತ್ತೆಂದು ಹೇಳಬೇಕಾಗಿಲ್ಲ.

ನನಗೆ ಇದಕ್ಕಿಂತ ಹೆಚ್ಚು ಚಿಂತೆ ಹಚ್ಚುವುದು ಇನ್ನೊಂದು ಬಗೆಯ ಲೇಪ. ಪೆಟ್ರೋಲ್ ಬಿದ್ದರೂ ಹೊಳಪು ಹೋಗಬಾರದೆಂದು ಹಾರ್ಡನರ್ ಬೆರೆಸಿ ಹೊಡೆಯುವ 'ಟೂ-ಕೆ' ಕ್ಲಿಯರ್ ಕೋಟ್. ಇಂಥ ಹಾರ್ಡನರ್‌ಗಳಲ್ಲಿ ಹೆಚ್ಚಾಗಿ ಐಸೊಸಯನೇಟ್ ಎಂಬ ರಾಸಾಯನಿಕವಿರುತ್ತದೆ. ಅಪಾಯದ ಮಟ್ಟ ಮುಟ್ಟಿದರೂ ಅದರ ವಾಸನೆ ಮೂಗಿಗೆ ಸಿಗದಿರಬಹುದು. ಕೆಲವರ ದೇಹ ಒಮ್ಮೆ ಅದಕ್ಕೆ ಅಲರ್ಜಿ ಬೆಳೆಸಿಕೊಂಡರೆ, ಮುಂದೆ ಅತ್ಯಲ್ಪ ಪ್ರಮಾಣವೂ ಅಸ್ತಮಾ ಕೆರಳಿಸುತ್ತದೆ. ಹಗಲು ಬಣ್ಣ ಹೊಡೆದವನಿಗೆ ಕೆಮ್ಮು, ಎದೆ ಬಿಗಿತ ರಾತ್ರಿ ಬರುವುದೂ ಉಂಟು. ಹಾಗಾಗಿ ಬಣ್ಣದ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. ಗ್ಯಾರೇಜಿನ ಪೇಂಟರೊಬ್ಬರು ಇದೇ ಕೆಮ್ಮಿಗೆ ತಿಂಗಳುಗಟ್ಟಲೆ ಸಿರಪ್ ಕುಡಿದು ನನ್ನಲ್ಲಿಗೆ ಬಂದಿದ್ದರು. "ಹಬ್ಬಕ್ಕೆ ಊರಿಗೆ ಹೋದಾಗ ಹೇಗಿತ್ತು?" ಎಂದು ಕೇಳಿದೆ. "ಊರಲ್ಲಿ ಕೆಮ್ಮೇ ಇರಲಿಲ್ಲ ಸಾರ್" ಎಂದರು. ಆ ಒಂದು ಉತ್ತರ ಎಕ್ಸ್-ರೇಗಿಂತ ಹೆಚ್ಚು ಹೇಳಿತು. ಕೆಲಸದಿಂದ ಬರುವ ಅಸ್ತಮಾ ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ. ಇ.ಎಸ್.ಐ. ಸೌಲಭ್ಯವಿರುವವರು ವೈದ್ಯರಿಗೆ ತಮ್ಮ ಕೆಲಸದ ವಿವರವನ್ನು ತಪ್ಪದೆ ಹೇಳಬೇಕು.

ಮೂಗಿಗೆ ಕಟ್ಟಿದ ಕರ್ಚೀಫಾಗಲಿ, ಕೊರೊನಾ ಕಾಲದ ಮಾಸ್ಕಾಗಲಿ ಆವಿಯನ್ನು ತಡೆಯವು. ಸಾವಯವ ಆವಿ ಹೀರುವ ಕಾರ್ಟ್ರಿಜ್ ಇರುವ ರೆಸ್ಪಿರೇಟರೇ ಬೇಕು. ಸಾದಾ ಬಣ್ಣವನ್ನು ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಕೈಗವಸು ಕನ್ನಡಕ ಧರಿಸಿ ಹೊಡೆಯಿರಿ. ಒಣಗುವವರೆಗೂ ಭಾಗಗಳನ್ನು ಮನೆಯೊಳಗೆ ತರಬೇಡಿ. ಟೂ-ಕೆ ಲೇಪವನ್ನು ಮನೆಯಲ್ಲಿ ಬಳಸಲೇಬೇಡಿ, ಅಸ್ತಮಾ ಇದ್ದವರಂತೂ ಅದರ ಹತ್ತಿರವೂ ಸುಳಿಯಬಾರದು. ಗರ್ಭಿಣಿಯರನ್ನೂ ಮಕ್ಕಳನ್ನೂ ದೂರವಿಡಿ. ಬ್ರೇಕ್ ಡಿಸ್ಕಿಗೆ ಬಣ್ಣ ಬೇಡವೆಂಬುದು ಮೆಕ್ಯಾನಿಕ್ ಹೇಳುವ ಮಾತಾದರೂ, ಮೂಳೆ ಮುರಿದುಕೊಂಡವರನ್ನು ನೋಡುವ ನಾನೂ ಹೇಳುತ್ತೇನೆ.

ಮಿಕ್ಕ ಥಿನ್ನರನ್ನು ನೀರಿನ ಬಾಟಲಿಗೆ ಸುರಿದಿಡುವ ಅಭ್ಯಾಸ ಹಲವು ಮನೆಗಳಲ್ಲಿದೆ. ಮಗು ಅದನ್ನು ಕುಡಿದುಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು. ತಕ್ಷಣ 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೋಗುವಾಗ ಆ ಡಬ್ಬಿಯನ್ನೂ ಜೊತೆಗೆ ತನ್ನಿ.