ಹಳೆಯ ಟ್ರ್ಯಾಕ್ಟರಿನಲ್ಲಿ ಟಿಕ್ ಟಿಕ್ ಸದ್ದು ಮತ್ತು ಕಡಿಮೆ ಆಯಿಲ್ ಒತ್ತಡ: ಕಾರಣ ಪತ್ತೆ ಹೇಗೆ?

ಮುಂಗಾರು ಬಿತ್ತನೆಯ ಹದ ಕೆಲವೇ ದಿನಗಳದ್ದು. ಅಂತಹ ಸಮಯದಲ್ಲಿ ಹಳೆಯ ಟ್ರ್ಯಾಕ್ಟರಿನ ಎಂಜಿನ್ ಸದ್ದು ಮಾಡತೊಡಗಿ ಆಯಿಲ್ ದೀಪ ಹೊತ್ತಿಕೊಂಡರೆ, ಕೆಲವರು ಗಟ್ಟಿ ಆಯಿಲ್ ಸುರಿದು ಉಳುಮೆ ಮುಂದುವರಿಸುತ್ತಾರೆ. ಕೆಲವರು ಸಾಲ ಮಾಡಿ ಎಂಜಿನ್ ಬಿಚ್ಚಿಸುತ್ತಾರೆ. ಇವೆರಡಕ್ಕೂ ಮೊದಲು ಒತ್ತಡ ನಿಜವಾಗಿಯೂ ಕುಸಿದಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಅವಶ್ಯಕ.

ದೀಪ ಹೊತ್ತಿದ ಕೂಡಲೇ ಎಂಜಿನ್ ನಿಲ್ಲಿಸಬೇಕು. ‘ಇನ್ನೆರಡು ಸಾಲು ಮುಗಿಸಿಬಿಡೋಣ’ ಎನ್ನುವಷ್ಟರಲ್ಲಿ ಬೇರಿಂಗುಗಳು ಸವೆದು ಕ್ರ್ಯಾಂಕ್ ಶಾಫ್ಟ್ ಹಾಳಾಗಬಹುದು. ಸ್ವಲ್ಪ ಹೊತ್ತಿನ ನಂತರ ಅಳತೆ ಕಡ್ಡಿಯನ್ನು ಪರೀಕ್ಷಿಸಿರಿ. ಇಳಿಜಾರಿನಲ್ಲಿ ತೋರುವ ಮಟ್ಟವನ್ನು ನಂಬಬಾರದು. ಮಟ್ಟ ಕಡಿಮೆಯಿದ್ದರೆ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ತುಂಬಬೇಕು. ಮಟ್ಟ ಏರಿದ್ದರೆ ಸಂತೋಷಪಡುವಂತಿಲ್ಲ. ತೆಳುವಾಗಿ ಡೀಸೆಲ್ ವಾಸನೆ ಬಂದರೆ ಡೀಸೆಲ್, ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಆ ಸೋರಿಕೆಯನ್ನು ಸರಿಪಡಿಸದೆ ಆಯಿಲ್ ಬದಲಾಯಿಸಿ ಪ್ರಯೋಜನವಿಲ್ಲ.

ಮಟ್ಟ ಸರಿಯಿದ್ದರೆ, ಆಯಿಲ್ ಸ್ವಿಚ್ಚನ್ನು ಬಿಚ್ಚಿ ಆ ಜಾಗಕ್ಕೆ ಮುಳ್ಳಿನ ಪ್ರೆಶರ್ ಗೇಜ್ ಜೋಡಿಸುವಂತೆ ಮೆಕ್ಯಾನಿಕ್‌ಗೆ ತಿಳಿಸಿರಿ. ಎಂಜಿನ್ ಬಿಸಿಯಾದ ಮೇಲೆ ನಿಧಾನಗತಿಯಲ್ಲೂ ಕೆಲಸದ ವೇಗದಲ್ಲೂ ಒತ್ತಡವನ್ನು ಅಳೆದು ಕೈಪಿಡಿಯ ಅಂಕಿಯೊಂದಿಗೆ ಹೋಲಿಸಬೇಕು. ಒತ್ತಡ ಸರಿಯಿದ್ದರೆ ದೋಷ ಸ್ವಿಚ್ಚಿನಲ್ಲಿ ಅಥವಾ ವೈರಿನಲ್ಲಿದೆ. ಅದು ಅಲ್ಪ ಖರ್ಚಿನ ಕೆಲಸ. ಕಡಿಮೆಯಿದ್ದರೆ ಮೊದಲು ಫಿಲ್ಟರ್, ಸಂಪಿನ ಜಾಲರಿ, ರಿಲೀಫ್ ವಾಲ್ವ್ ಹಾಗೂ ಆಯಿಲ್ ಪಂಪನ್ನು ನೋಡಿಸಬೇಕು. ಇವೆಲ್ಲ ಸರಿಯಿದ್ದೂ ಬಿಸಿಯಾದಾಗ ಒತ್ತಡ ಇಳಿಯುತ್ತಿದ್ದರೆ ಬೇರಿಂಗ್ ಸವೆದಿರುವ ಸಾಧ್ಯತೆ ಹೆಚ್ಚು. ಗಟ್ಟಿ ಆಯಿಲ್ ಗೇಜಿನ ಮುಳ್ಳನ್ನು ಮೇಲೇರಿಸುತ್ತದೆಯೇ ಹೊರತು ಸವೆತವನ್ನು ಗುಣಪಡಿಸುವುದಿಲ್ಲ.

ಸದ್ದಿನ ಮೂಲ ಬೇರೆಯೇ ಇರಬಹುದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್‌ಗೆ, ಹಿಡಿಯನ್ನು ಕಿವಿಗೆ ಒತ್ತಿ ಆಲಿಸಿರಿ. ಫ್ಯಾನ್ ಮತ್ತು ಬೆಲ್ಟ್‌ನಿಂದ ದೂರವಿರಿ. ಮೇಲ್ಭಾಗದ ವಾಲ್ವ್ ಕವರಿನಲ್ಲಿ ಹಗುರವಾದ ಟಿಕ್ ಟಿಕ್ ಕೇಳಿ, ಒತ್ತಡವೂ ಸರಿಯಿದ್ದರೆ ಟ್ಯಾಪೆಟ್ ಸಂದು ಹೆಚ್ಚಾಗಿರುವುದು ಸಾಮಾನ್ಯ ಕಾರಣ. ಫೀಲರ್ ಗೇಜಿನಿಂದ ಹೊಂದಿಸಿದರೆ ಸಾಕು. ಹೊಗೆ ಕೊಳವೆಯ ಜೋಡಣೆಯ ಬಳಿ ಮಸಿ ಕಂಡರೆ ಗ್ಯಾಸ್ಕೆಟ್ ಸೋರುತ್ತಿದೆ. ಆ ಸದ್ದೂ ಟ್ಯಾಪೆಟ್ಟಿನಂತೆಯೇ ಕೇಳಿಸಿ ಮೋಸಗೊಳಿಸುತ್ತದೆ. ಆದರೆ ಕೆಳಭಾಗದಿಂದ ಭಾರವಾದ ‘ಡಕ್ ಡಕ್’ ಬಂದು, ಹೊರೆ ಬಿದ್ದಾಗ ಅದು ಹೆಚ್ಚಿದರೆ ಟ್ರ್ಯಾಕ್ಟರನ್ನು ಗದ್ದೆಯಿಂದ ಎಳೆದೇ ತರಬೇಕು, ಚಾಲೂ ಮಾಡಿ ತರಬಾರದು.

ವಿಸ್ತರಣಾ ಕಾರ್ಯಕರ್ತರಲ್ಲಿ ಒಂದು ಮಾತು: ಬಾಡಿಗೆ ಯಂತ್ರಗಳ ಕೇಂದ್ರದಲ್ಲಿ ಇಂತಹ ಒಂದು ಗೇಜ್ ಇರಿಸಿದರೆ ಸುತ್ತಲಿನ ಹಳ್ಳಿಗಳೆಲ್ಲ ಅದನ್ನು ಬಳಸಿಕೊಳ್ಳಬಹುದು. ಮೇ ತಿಂಗಳಲ್ಲೇ, ಮಳೆಗೆ ಮುನ್ನ, ಹಳೆಯ ಟ್ರ್ಯಾಕ್ಟರುಗಳ ಒತ್ತಡವನ್ನು ಒಮ್ಮೆ ಅಳೆದು ಬರೆದಿಡುವಂತೆ ರೈತರಿಗೆ ತಿಳಿಸಿರಿ.