ದೂರವಾಣಿಯ ತಂತಿಯಲ್ಲಿ ಕಡತಗಳ ಸಾಗಾಟ

ಓಲೆಗರಿಯ ಗ್ರಂಥವನ್ನು ಪ್ರತಿಮಾಡುವಾಗ ಲಿಪಿಕಾರನ ಕೈತಪ್ಪಿನಿಂದ ಒಂದಕ್ಷರ ಬೇರೆಯಾದರೆ, ಛಂದಸ್ಸನ್ನೂ ಅರ್ಥವನ್ನೂ ಬಲ್ಲ ಸಂಪಾದಕನು ಮೂಲಪಾಠವನ್ನು ಊಹಿಸಬಲ್ಲನು. ಗಣಕಯಂತ್ರಕ್ಕೆ ಆ ಊಹೆಯ ಶಕ್ತಿಯಿಲ್ಲ. ಅದು ನಡೆಸಬೇಕಾದ ಆದೇಶಗಳ ಕಡತದಲ್ಲಿ ಒಂದು ಬೈಟ್ ಕೆಟ್ಟರೂ ಕಡತವೆಲ್ಲ ನಿರುಪಯುಕ್ತವಾಗಬಹುದು. ಅಂಥ ಕಡತಗಳನ್ನು, ಮನುಷ್ಯರ ಮಾತಿಗೆಂದು ಎಳೆದ ದೂರವಾಣಿಯ ತಂತಿಯ ಮೂಲಕ ಕಳುಹಿಸುವ ಅಗತ್ಯವು 1970ರ ದಶಕದ ಉತ್ತರಾರ್ಧದಲ್ಲಿ, ಸಣ್ಣ ಗಣಕಯಂತ್ರಗಳು ಮನೆಗಳನ್ನು ಸೇರತೊಡಗಿದಾಗ, ಅಮೆರಿಕದ ಹವ್ಯಾಸಿಗಳಿಗೆ ಒದಗಿತು.

ಗಣಕದ ಅಂಕೆಗಳನ್ನು ನಾದವನ್ನಾಗಿ ಮಾರ್ಪಡಿಸಿ ತಂತಿಗೆ ಒಪ್ಪಿಸುವ, ಆಚೆಯ ತುದಿಯಲ್ಲಿ ನಾದವನ್ನು ಪುನಃ ಅಂಕೆಗಳನ್ನಾಗಿಸುವ ಸಾಧನವೇ ಮೋಡೆಮ್. ತಂತಿಯಲ್ಲಿ ಕರಕರ ಸದ್ದು ಬಂದರೆ ಮಾತನಾಡುವವರು “ಏನೆಂದಿರಿ? ಇನ್ನೊಮ್ಮೆ ಹೇಳಿ” ಎನ್ನುತ್ತಾರೆ. ಆ ಕಾಲದ ಮೋಡೆಮ್ ಆದರೋ ಸದ್ದನ್ನೂ ಅಂಕೆಯೆಂದೇ ಬಗೆದು ಮುಂದಕ್ಕೆ ದಾಟಿಸುತ್ತಿತ್ತು. ತಂತಿಯನ್ನು ನಿರ್ದೋಷವಾಗಿಸುವುದು ಬಳಸುವವರ ಕೈಯಲ್ಲಿರಲಿಲ್ಲ. “ಇನ್ನೊಮ್ಮೆ ಹೇಳಿ” ಎಂಬ ಮಾತನ್ನು ಗಣಕಗಳಿಗೆ ಕಲಿಸುವುದು ಮಾತ್ರ ಸಾಧ್ಯವಿತ್ತು. ಎರಡು ಗಣಕಗಳ ನಡುವಣ ಈ ಬಗೆಯ ಒಡಂಬಡಿಕೆಗೆ ಪ್ರೊಟೋಕಾಲ್ ಎಂದು ಹೆಸರು.

ಶಿಕಾಗೋ ಪ್ರದೇಶದ ವಾರ್ಡ್ ಕ್ರಿಸ್ಟೆನ್ಸೆನ್ 1977ರಲ್ಲಿ ರಚಿಸಿ, ಸರ್ವರ ಬಳಕೆಗೂ ಉಚಿತವಾಗಿ ಬಿಟ್ಟುಕೊಟ್ಟ ಒಡಂಬಡಿಕೆಯು ಮುಂದೆ ಎಕ್ಸ್‌ಮೋಡೆಮ್ ಎಂದು ಪ್ರಸಿದ್ಧವಾಯಿತು. ಅದರಲ್ಲಿ ಕಡತವು 128 ಬೈಟ್‌ಗಳ ಕಂತೆಗಳಾಗಿ ವಿಭಾಗವಾಗುತ್ತದೆ. ಪ್ರತಿ ಕಂತೆಯ ಮುಂದೆ ಆರಂಭದ ಗುರುತು, ಕಂತೆಯ ಕ್ರಮಸಂಖ್ಯೆ, ಆ ಸಂಖ್ಯೆಯನ್ನು 255ರಿಂದ ಕಳೆದು ಉಳಿದುದು ಎಂಬ ಮೂರು ಬೈಟ್‌ಗಳಿರುತ್ತವೆ. ಕೊನೆಯಲ್ಲಿ ಇರುವುದು ತಾಳೆಮೊತ್ತ. ಎಂದರೆ 128 ಬೈಟ್‌ಗಳನ್ನೂ ಕೂಡಿ 256ರಿಂದ ಭಾಗಿಸಿದಾಗ ಬರುವ ಶೇಷ. ಪಡೆಯುವ ಗಣಕವು ತಾನೂ ಮೊತ್ತಹಾಕಿ ತಾಳೆ ನೋಡುತ್ತದೆ. ಸರಿಬಂದರೆ “ಸಂದಿತು” ಎಂಬರ್ಥದ ಒಂದೇ ಬೈಟನ್ನು, ಬಾರದಿದ್ದರೆ “ಸಲ್ಲದು” ಎಂಬರ್ಥದ ಬೈಟನ್ನು ಹಿಂದಕ್ಕೆ ಕಳುಹಿಸುತ್ತದೆ. ಸಲ್ಲದ ಕಂತೆ ಮತ್ತೆ ಬರುತ್ತದೆ. “ಸಂದಿತು” ಎಂಬ ಉತ್ತರವೇ ದಾರಿಯಲ್ಲಿ ಕಳೆದುಹೋಗಿ ಅದೇ ಕಂತೆ ಎರಡನೆಯ ಬಾರಿ ಬಂದರೆ, ಕ್ರಮಸಂಖ್ಯೆಯಿಂದ ಅದನ್ನು ಗುರುತಿಸಿ ಕೈಬಿಡಲಾಗುತ್ತದೆ.

ಈ ಏರ್ಪಾಡಿನಲ್ಲಿ ಎರಡು ಕೊರತೆಗಳಿದ್ದವು. ಕೂಡುವ ಲೆಕ್ಕಕ್ಕೆ ಸ್ಥಾನದ ಪರಿವೆಯಿಲ್ಲವೆಂಬುದು ಮೊದಲನೆಯದು. ಅಕ್ಷರಕ್ಕೊಂದು ಸಂಖ್ಯೆ ಕೊಟ್ಟು ಕೂಡಿದರೆ “ಸರ” ಮತ್ತು “ರಸ” ಎಂಬ ಪದಗಳ ಮೊತ್ತ ಒಂದೇ. ಆದುದರಿಂದ ಬಿಟ್‌ಗಳ ಸಾಲನ್ನು ಒಂದೇ ದೀರ್ಘಸಂಖ್ಯೆಯಂತೆ ಪರಿಗಣಿಸಿ, ವಿಶಿಷ್ಟವಾದ ಭಾಗಾಕಾರದಿಂದ ಶೇಷವನ್ನು ಪಡೆಯುವ ಸಿ.ಆರ್.ಸಿ. ಎಂಬ ವಿಧಾನವು ಬಳಕೆಗೆ ಬಂದಿತು. ಅಕ್ಷರಗಳು ಸ್ಥಾನ ಬದಲಿಸಿದರೆ ಅದರಲ್ಲಿ ಶೇಷವೂ ಬದಲಾಗುತ್ತದೆ.

ಎರಡನೆಯ ಕೊರತೆ ಕಾಯುವಿಕೆ. ಸೆಕೆಂಡಿಗೆ 300 ಬಿಟ್‌ಗಳ ವೇಗದಲ್ಲಿ, ಬೈಟಿಗೆ ಹತ್ತು ಬಿಟ್‌ಗಳಂತೆ, 132 ಬೈಟ್‌ಗಳ ಕಂತೆಗೆ 4.4 ಸೆಕೆಂಡು ಬೇಕು. ಉತ್ತರಕ್ಕಾಗಿ ಅರ್ಧ ಸೆಕೆಂಡು ಕಾದರೂ ನಷ್ಟ ಅಲ್ಪ. ವೇಗವು 9,600ಕ್ಕೆ ಏರಿದಾಗ ಕಂತೆಯು ಸುಮಾರು 0.14 ಸೆಕೆಂಡಿನಲ್ಲಿ ಸಾಗುತ್ತದೆ. ಅದೇ ಅರ್ಧ ಸೆಕೆಂಡು ಕಾಯುವುದರಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕ ಹೊತ್ತು ವ್ಯರ್ಥ. ಚಕ್ ಫಾರ್ಸ್‌ಬರ್ಗ್ 1986ರಲ್ಲಿ ರಚಿಸಿದ ಝಡ್‌ಮೋಡೆಮ್ ಇದಕ್ಕೆ ಪರಿಹಾರವಾಯಿತು. ಅದರಲ್ಲಿ ಕಳುಹಿಸುವವನು ಕಂತೆಕಂತೆಗೂ ನಿಲ್ಲದೆ ಸಾಗುತ್ತಾನೆ. ದೋಷ ಕಂಡಾಗ ಮಾತ್ರ ಪಡೆಯುವವನು “ಇಂಥ ಸ್ಥಾನದಿಂದ ಮತ್ತೆ” ಎಂದು ಸೂಚಿಸುತ್ತಾನೆ. ಸಂಪರ್ಕ ಕಡಿದರೂ ನಿಂತಲ್ಲಿಂದಲೇ ಮುಂದುವರಿಯಬಹುದು.

ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ 1981ರಲ್ಲಿ ಹುಟ್ಟಿದ ಕರ್ಮಿಟ್ ಎದುರಿಸಿದ ತೊಡಕು ಬೇರೆ. ಅನೇಕ ದೊಡ್ಡ ಗಣಕಗಳ ಸಂಪರ್ಕಮಾರ್ಗಗಳು ಬೈಟಿನ ಎಂಟು ಬಿಟ್‌ಗಳಲ್ಲಿ ಏಳನ್ನು ಮಾತ್ರ ದಾಟಿಸುತ್ತಿದ್ದವು. ಇಂಗ್ಲಿಷ್ ಬರಹಕ್ಕೆ ಏಳೇ ಸಾಕು; ಕನ್ನಡಕ್ಕೆ ಸಾಲದು. ಭಾರತೀಯ ಮಾನಕ ಸಂಸ್ಥೆಯು 1991ರಲ್ಲಿ ಅಂಗೀಕರಿಸಿದ ಇಸ್ಕಿ ಸಂಕೇತಮಾಲೆಯಲ್ಲಿ ಕನ್ನಡಾದಿ ಲಿಪಿಗಳ ಅಕ್ಷರಗಳೆಲ್ಲ ಎಂಟನೆಯ ಬಿಟ್ಟನ್ನು ಆಶ್ರಯಿಸಿವೆ. ಅಲ್ಲಿ ಕಕಾರದ ಸಂಖ್ಯೆ 179. ಎಂಟನೆಯ ಬಿಟ್ ಬಿದ್ದುಹೋದರೆ ಉಳಿಯುವುದು 51. ಅದು “3” ಎಂಬ ಅಂಕೆಯ ಸಂಕೇತ. ಕರ್ಮಿಟ್ ಅಂಥ ಬೈಟಿನ ಮುಂದೆ “&” ಚಿಹ್ನೆಯನ್ನಿಟ್ಟು “&3” ಎಂದು ಕಳುಹಿಸುತ್ತದೆ; ಆಚೆಯ ತುದಿಯಲ್ಲಿ ಅದು ಪುನಃ ಕಕಾರವಾಗುತ್ತದೆ. ಇಕ್ಕಟ್ಟಾದ ದಾರಿಯಲ್ಲೂ ಲಿಪಿಯು ಅಳಿಯದೆ ಸಾಗುವ ಉಪಾಯವಿದು.

ದೂರವಾಣಿ ಮೋಡೆಮ್‌ಗಳ ಕಾಲ ಬಹುಮಟ್ಟಿಗೆ ಕಳೆದಿದೆ. ಆದರೆ ಇಂದಿನ ಅಂತರಜಾಲದ ಟಿ.ಸಿ.ಪಿ. ಒಡಂಬಡಿಕೆಯೂ ಕ್ರಮಸಂಖ್ಯೆ, ತಾಳೆಮೊತ್ತ, ಪ್ರತ್ಯುತ್ತರ, ಮರುರವಾನೆ ಇವನ್ನೇ ನೆಚ್ಚಿಕೊಂಡಿದೆ. ಪಾಠವು ಶುದ್ಧವಾಗಿ ತಲುಪಲು ದೋಷವಿಲ್ಲದ ದಾರಿಯೇ ಬೇಕೆಂದಿಲ್ಲ; ದೋಷವನ್ನು ಕಾಣುವ ಕ್ರಮವೂ ಮತ್ತೊಮ್ಮೆ ಹೇಳುವ ತಾಳ್ಮೆಯೂ ಎರಡು ತುದಿಗಳಲ್ಲಿರಬೇಕು.