ನೆನಪಿನ ಕೋಶಗಳಲ್ಲಿ ಅವಿತ ಎಚ್‌ಐವಿ

ಶಾಮನೂರಿನಿಂದ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲಿ ಎಚ್‌ಐವಿಗೆ ಔಷಧ ಕೊಡುವ ಎಆರ್‌ಟಿ ಕೇಂದ್ರಕ್ಕೆ ಹೋಗಿ ಗುಳಿಗೆ ತರುವವರಿಗೆ, ವೈರಾಣು ಪರೀಕ್ಷೆಗೂ ಸಿಗದಷ್ಟು ಕ್ಷೀಣಿಸಿದೆಯೆಂಬ ಶುಭವಾರ್ತೆ ದೊರೆತಾಗ, ಇನ್ನು ಔಷಧವನ್ನು ಬಿಡಬಾರದೇಕೆಂಬ ಪ್ರಶ್ನೆ ಏಳುವುದು ಸಹಜ. ವಿಜ್ಞಾನಿಗಳೂ ಒಂದು ಕಾಲಕ್ಕೆ ಇದೇ ಆಸೆಯನ್ನು ಹೊತ್ತಿದ್ದರು. 1996ರಲ್ಲಿ ಮೂರು ಔಷಧಗಳ ಸಂಯುಕ್ತ ಚಿಕಿತ್ಸೆ ಮರಣೋನ್ಮುಖರನ್ನು ಎಬ್ಬಿಸಿ ಕೂರಿಸಿದ್ದನ್ನು ಕಂಡು, ಎರಡು ಮೂರು ವರ್ಷಗಳ ಅವಿಚ್ಛಿನ್ನ ಸೇವನೆಯಿಂದ ವೈರಾಣು ನಿರ್ಮೂಲವಾದೀತೆಂದು ಡೇವಿಡ್ ಹೋ ಮತ್ತವರ ಸಂಗಡಿಗರು 1997ರಲ್ಲಿ ಗಣಿತದಿಂದ ಅಂದಾಜಿಸಿದ್ದರು.

ಅದೇ ವರ್ಷದ ಕೊನೆಯಲ್ಲಿ ರಾಬರ್ಟ್ ಸಿಲಿಸಿಯಾನೊ, ಡಗ್ಲಸ್ ರಿಚ್‌ಮನ್, ಆಂಥೊನಿ ಫೌಚಿ ಇವರ ಮೂರು ತಂಡಗಳು ಆ ಆಸೆಯನ್ನು ಭಗ್ನಗೊಳಿಸಿದವು. ಹಿಂದೆ ಬಂದ ರೋಗಗಳನ್ನು ದಶಕಗಳ ಕಾಲ ನೆನಪಿಟ್ಟು ನಮ್ಮನ್ನು ಕಾಯುವ ಸಿಡಿ4 ಕೋಶಗಳು ದೇಹದಲ್ಲಿ ವಿಶ್ರಮಿಸುತ್ತಿರುತ್ತವೆ. ವೈರಾಣುವು ತನ್ನ ವಂಶಲಿಪಿಯನ್ನು ಅವುಗಳ ಡಿಎನ್‌ಎಯೊಳಗೇ ಹೆಣೆದು, ಕಣಜದ ಬೀಜ ಮೊಳೆಯದೆಯೂ ಜೀವಂತವಾಗಿರುವಂತೆ, ಮೌನವಾಗಿ ಉಳಿದುಬಿಡುತ್ತದೆಂದು ಈ ತಂಡಗಳು ತೋರಿಸಿದವು. ಔಷಧಗಳು ಹೊಸ ಕೋಶಗಳಿಗೆ ಸೋಂಕು ಹಬ್ಬುವುದನ್ನು ತಡೆಯಬಲ್ಲವೇ ಹೊರತು, ಒಮ್ಮೆ ಹೆಣೆದುಕೊಂಡ ಲಿಪಿಯನ್ನು ಅಳಿಸಲಾರವು. ವೈರಾಣುವನ್ನು ಮತ್ತೆ ಹುಟ್ಟಿಸಬಲ್ಲ ಇಂಥ ಕೋಶಗಳು ವಿಶ್ರಾಂತ ಸಿಡಿ4 ಕೋಶಗಳ ಹತ್ತು ಲಕ್ಷಕ್ಕೆ ಒಂದರಷ್ಟು ಮಾತ್ರ. ಆದರೂ ಅವುಗಳ ಸಂಖ್ಯೆ ಅರ್ಧಕ್ಕಿಳಿಯಲು ಸುಮಾರು 44 ತಿಂಗಳು ಬೇಕಾಗುವುದರಿಂದ, ಸಂಗ್ರಹ ಬರಿದಾಗಲು ಒಂದು ಮನುಷ್ಯಾಯುಷ್ಯವೂ ಸಾಲದು. ಸೋಂಕಿತ ಕೋಶವೊಂದು ವಿಭಜನೆಗೊಂಡಾಗ ಲಿಪಿಯೂ ಸಂತತಿಗೆ ಸಾಗುತ್ತದೆಂಬುದು 2014ರಲ್ಲಿ ವಿಶದವಾಯಿತು. ಅದೇ ವರ್ಷ, ಔಷಧವಿಲ್ಲದೆ 27 ತಿಂಗಳು ವೈರಾಣುಮುಕ್ತವೆಂದು ಕಂಡಿದ್ದ ಅಮೆರಿಕದ ಮಿಸಿಸಿಪಿಯ ಮಗುವಿನಲ್ಲಿ ಸೋಂಕು ಮರಳಿತು.

ಇಲ್ಲಿಂದ ಮುಂದಿನ ಕಥೆಗೆ ಕರ್ನಾಟಕದ ನಂಟುಂಟು. ಮೇಲಿನ ಜ್ಞಾನದ ಬಹುಭಾಗ ಅಮೆರಿಕದಲ್ಲಿ ಪ್ರಬಲವಾಗಿರುವ ಎಚ್‌ಐವಿಯ ‘ಬಿ’ ಪ್ರಭೇದವನ್ನು ಕುರಿತದ್ದು. ಭಾರತದಲ್ಲಿ ವ್ಯಾಪಿಸಿರುವುದಾದರೋ ‘ಸಿ’. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಉದಯಕುಮಾರ್ ರಂಗ ಅವರ ತಂಡ, ವೈರಾಣುವಿನ ವಂಶಲಿಪಿಯನ್ನು ಚಾಲೂಗೊಳಿಸುವ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಬಂದು ಕೂರುವ ತಾಣಗಳು ‘ಬಿ’ಯಲ್ಲಿ ಸಾಮಾನ್ಯವಾಗಿ ಎರಡು, ‘ಸಿ’ಯಲ್ಲಿ ಮೂರು ಇರುವಾಗ, ನಾಲ್ಕು ತಾಣಗಳುಳ್ಳ ಹೊಸ ತಳಿ ಭಾರತದಲ್ಲಿ ತಲೆಯೆತ್ತಿರುವುದನ್ನು 2012ರಲ್ಲಿ ವರದಿಮಾಡಿತು. ತಾಣ ಹೆಚ್ಚಿದಷ್ಟೂ ಚಾಲನೆ ಪ್ರಬಲ. ಇಂಥ ವೈರಾಣು ನಿದ್ರೆಗೆ ಜಾರುವ, ಏಳುವ ಬಗೆಯನ್ನು ಆ ಪ್ರಯೋಗಶಾಲೆ ಮುಂದೆಯೂ ಶೋಧಿಸಿತು. ನಿದ್ರಿತ ವೈರಾಣುವನ್ನು ಎಬ್ಬಿಸಿ ಕೊಲ್ಲುವ ಯಾವ ಉಪಾಯವೇ ಬರಲಿ, ಅದನ್ನು ನಮ್ಮವರ ದೇಹದಲ್ಲಿರುವ ‘ಸಿ’ ಪ್ರಭೇದದ ಮೇಲೆ ಪರೀಕ್ಷಿಸದೆ ಒಪ್ಪಿಕೊಳ್ಳಲಾಗದು.